‘ಉಡಾಳ’: ಒಂದು ಮುದ್ರೆಯ ಚರಿತ್ರೆ

ನವಲಗುಂದದ ಎರಿಭೂಮಿಯಿಂದ ಕಲಘಟಗಿಯ ಮಳೆಸೀಮೆಯವರೆಗೆ, ಒಂದು ಕಡೆ ಕೂಡದ ಹುಡುಗನಿಗೆ ನಮ್ಮ ಮಂದಿ ಇಟ್ಟ ಹೆಸರು ಒಂದೇ: ಉಡಾಳ. ಕೇಳಲು ಸಣ್ಣ ಮಾತು. ಆದರೆ ಈ ಮಾತು ಎಲ್ಲರ ಮಕ್ಕಳ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ಗೌಡರ ಮನೆಯ ಹುಡುಗ ಪಾಟಿ ಒಗೆದು ಹೊರಗೆ ಓಡಿದರೆ ‘ಭಾಳ ಚೂಟಿ ಅದಾನ’ ಅಂತಾರೆ. ಕೇರಿಯ ಹುಡುಗ ಅದನ್ನೇ ಮಾಡಿದರೆ ‘ಅವರ ಜಾತೀನ ಹಂಗ, ಅವಕ್ಕ ಅಕ್ಷರ ಹತ್ತೂದಿಲ್ಲ’ ಅಂತಾರೆ. ಓಟ ಒಂದು, ತೀರ್ಪು ಎರಡು. ಈ ಎರಡು ತೀರ್ಪು ಎಲ್ಲಿಂದ ಬಂದವು? ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಕಂಡ ನಾವು ಇದನ್ನು ಕೇಳಲೇಬೇಕು. ಯಾಕಂದ್ರ ಒಂದನೇ ಇಯತ್ತೆಯಲ್ಲಿ ನಮ್ಮ ಜೊತೆ ಕೂತು, ನಡುವೆ ಎದ್ದು ಹತ್ತಿ ಹೊಲಕ್ಕೋ ದನದ ಹಿಂದೆಯೋ ಹೋದವರೆಲ್ಲ ದಡ್ಡರಾಗಿರಲಿಲ್ಲ.

ಇಂಥ ಕೆಲವು ಮಕ್ಕಳ ಸ್ಥಿತಿಗೆ ಇವತ್ತು ಡಾಕ್ಟರರು ಎಡಿಎಚ್‌ಡಿ ಅನ್ನುತ್ತಾರೆ. ಗಮನ ನಿಲ್ಲದಿರುವುದು, ಮೈ ನಿಲ್ಲದಿರುವುದು, ಆತುರ ತಡೆಯಲಾಗದಿರುವುದು ಅದರ ಲಕ್ಷಣ. ಒಂದು ದಿನ ಗದ್ದಲ ಮಾಡಿದ ಹುಡುಗನಿಗೆಲ್ಲ ಈ ಹೆಸರು ಹಚ್ಚುವಂತಿಲ್ಲ. 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, 6 ತಿಂಗಳಾದರೂ ಇರಬೇಕು, ಮನೆಯಲ್ಲೂ ಶಾಲೆಯಲ್ಲೂ ಇರಬೇಕು, ಓದು-ಬದುಕಿಗೆ ಅಡ್ಡಿಯಾಗಿರಬೇಕು. ಜಗತ್ತಿನ ಅಧ್ಯಯನಗಳನ್ನು ಕೂಡಿಸಿ ನೋಡಿದರೆ 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ. ಅವಳಿ ಮಕ್ಕಳನ್ನು ನೋಡಿದ ಅಧ್ಯಯನಗಳು ಇದರ ಬೇರು ಬಹುಪಾಲು ಹುಟ್ಟಿನಲ್ಲೇ ಇದೆ ಅನ್ನುತ್ತವೆ. ಹುಟ್ಟಿನಿಂದ ಬರತದ ಅಂದಕೂಡಲೇ ಅದನ್ನು ಜಾತಿಗೆ ಗಂಟು ಹಾಕುವ ಜನ ತಯಾರಾಗಿ ನಿಂತಿರುತ್ತಾರೆ. ಅವರಿಗೆ ಮೊದಲೇ ಹೇಳಿಬಿಡೋಣ: ಅದು ತಂದೆತಾಯಿಯಿಂದ ಮಕ್ಕಳಿಗೆ ಬರುತ್ತದೆ, ಜಾತಿ ಕೇಳಿ ಬರುವುದಿಲ್ಲ. ಅಗ್ರಹಾರದಾಗೂ ಹುಟ್ಟತದ, ಕೇರಿಯಾಗೂ ಹುಟ್ಟತದ.

ಈ ಹೆಸರು ಬಂದ ದಾರಿ ಉದ್ದದ್ದು. 1845ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಹೈನ್ರಿಖ್ ಹಾಫ್‌ಮನ್ ಎಂಬ ಡಾಕ್ಟರು ಪ್ರಕಟಿಸಿದ ಮಕ್ಕಳ ಚಿತ್ರಪುಸ್ತಕದಲ್ಲಿ ಫಿಲಿಪ್ ಎಂಬ ಹುಡುಗನಿದ್ದಾನೆ. ಊಟದ ಮೇಜಿನ ಮುಂದೆ ಕೂಡಲಾರದೆ ಕುರ್ಚಿ ಅಲುಗಾಡಿಸಿ, ಹಾಸಿದ ಬಟ್ಟೆ ಊಟ ಎಲ್ಲವನ್ನೂ ಎಳೆದುಕೊಂಡು ಬೀಳುತ್ತಾನೆ. ಅದೇ 1845ರಲ್ಲಿ ನಮ್ಮ ಧಾರವಾಡದಲ್ಲಿ ಬ್ರಿಟಿಷರು ಹುಚ್ಚರ ದವಾಖಾನಿ ತೆಗೆದರು. ಅಲ್ಲಿಯ ಚಂಚಲ ಹುಡುಗನಿಗೆ ಒಂದು ಕತೆಯಾದರೂ ಸಿಕ್ಕಿತು. ಇಲ್ಲಿ ಮಂದಿಗೆ ಕಂಡದ್ದು ಎತ್ತರದ ಗೋಡೆ ಮಾತ್ರ.

1902ರಲ್ಲಿ ಲಂಡನ್ನಿನ ಡಾಕ್ಟರ್ ಜಾರ್ಜ್ ಸ್ಟಿಲ್ 43 ಮಕ್ಕಳ ವಿಷಯ ಇಟ್ಟುಕೊಂಡು ಉಪನ್ಯಾಸ ಕೊಟ್ಟ. ಇವರಲ್ಲಿ ಹಲವರ ಬುದ್ಧಿ ಸರಿ ಇದೆ, ಆದರೆ ‘ನೈತಿಕ ಹತೋಟಿ’ಯಲ್ಲಿ ದೋಷವಿದೆ ಅಂದ. ಆ ಮಕ್ಕಳೆಲ್ಲ ಇವತ್ತಿನ ಲೆಕ್ಕಕ್ಕೆ ಬರುವವರಲ್ಲ. ಆದರೂ ಬುದ್ಧಿ ಬೇರೆ, ಹತೋಟಿ ಬೇರೆ ಎಂಬ ವಿಚಾರ ಡಾಕ್ಟರರ ನಡುವೆ ಬಂತು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಒಂದು ಔಷಧಿಯಿಂದ ಇಂಥ ಕೆಲವು ಮಕ್ಕಳು ಸಮಾಧಾನದಿಂದ ಪಾಠ ಕಲಿಯುವುದನ್ನು ಕಂಡ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಸ್ಥಿತಿಗೆ 1968ರಲ್ಲಿ ಒಂದು ಹೆಸರು, 1980ರಲ್ಲಿ ಇನ್ನೊಂದು, 1987ರಲ್ಲಿ ಈಗಿನ ಹೆಸರು. ಹೆಸರು ಬದಲಾದ ಹಾಗೆ ಅಲ್ಲಿಯ ಹುಡುಗನ ಮೇಲಿನ ಆರೋಪವೂ ಸಡಿಲವಾಗುತ್ತ ಬಂತು.

ನಮ್ಮ ನೆಲದಲ್ಲಿ ಏನಾಯಿತು? ಇಲ್ಲಿಯ ಚರಿತ್ರೆ ಬೆಂಚಿನಿಂದ ಶುರುವಾಗುವುದಿಲ್ಲ, ಬಾಗಿಲಿನಿಂದ ಶುರುವಾಗುತ್ತದೆ. 1856ರ ಜೂನ್ ತಿಂಗಳಲ್ಲಿ ಒಬ್ಬ ಹುಡುಗ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟ. ಸರಕಾರದ ಕಡತದಲ್ಲಿ ಅವನು ‘ಮಹಾರ’. ಶಾಲೆ ಬೇಡ ಅಂದಿತು. ಮುಂಬಯಿ ಸರಕಾರವೂ ಅದಕ್ಕೆ ತಲೆಯಾಡಿಸಿತು. ಕೊಟ್ಟ ಕಾರಣವನ್ನು ನಾವು ನೆನಪಿಟ್ಟುಕೊಳ್ಳಬೇಕು: ಈ ಒಬ್ಬನ ಸಲುವಾಗಿ ಉಳಿದವರಿಗೆಲ್ಲ ಶಾಲೆ ನಿರುಪಯೋಗಿ ಆದೀತು! 1858ರಲ್ಲಿ ಕಂಪನಿಯ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂದರು. 1928ರಲ್ಲಿ ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಕುರಿತು ಹೇಳಿಕೆ ಇಟ್ಟಾಗ ಧಾರವಾಡದ ಈ ಪ್ರಕರಣವನ್ನೂ ಎತ್ತಿ ತೋರಿಸಿದರು.

ಹುಕುಮು ಬಂತು, ಮನಸ್ಸಿನ ಬಾಗಿಲು ತೆರೆಯಲಿಲ್ಲ. ಎಷ್ಟೋ ದಶಕ ನಮ್ಮ ಹಿರಿಯರು ಶಾಲೆಯ ಕಟ್ಟೆಯ ಮೇಲೆ, ಕಿಡಕಿಯ ಹೊರಗೆ ಕೂತು ಪಾಠ ಕೇಳಿದರು. ಅರ್ಧ ಮಾತು ಗಾಳಿಗೆ, ಅರ್ಧ ಕಿವಿಗೆ. ಅಂಥವನಿಗೆ ಪಾಠ ನೆನಪಿರಲಿಲ್ಲ ಅಂದರೆ ಗಮನದ ಕೊರತೆ ಯಾರದು? ಹುಡುಗನದೋ, ಅವನತ್ತ ತಿರುಗಿ ನೋಡದ ಮಾಸ್ತರನದೋ?

ಎರಡನೆಯ ಮುದ್ರೆ ಹುಬ್ಬಳ್ಳಿಯಲ್ಲಿ ಬಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಕೆಲವು ಜಾತಿಗಳನ್ನೇ ಹುಟ್ಟು ಅಪರಾಧಿಗಳೆಂದು ಬರೆಯಿತು. 1911ರಲ್ಲಿ ಅದು ಇನ್ನಷ್ಟು ಹರಡಿತು. ಹುಬ್ಬಳ್ಳಿಯ ಸೆಟ್ಲಮೆಂಟಿನಲ್ಲಿ ಗಂಟಿಚೋರ, ಹರಣಶಿಕಾರಿ, ಕೊರವ ಜನರನ್ನು ತಂದು ಕೂಡಿಹಾಕಿದರು. 6ರಿಂದ 18 ವರ್ಷದ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಸುಧಾರಣೆಯ ಶಾಲೆಗೆ ಹಾಕುವ ಅಧಿಕಾರವನ್ನೂ ಆ ಕಾಯಿದೆ ಸರಕಾರಕ್ಕೆ ಕೊಟ್ಟಿತ್ತು. ಗೆಳೆಯರೆ, ಈ ವರ್ಷಗಳನ್ನು ಎದುರುಬದುರು ಇಟ್ಟು ನೋಡಿ. ಲಂಡನ್ನಿನ ಡಾಕ್ಟರು ಒಬ್ಬೊಬ್ಬ ಹುಡುಗನನ್ನು ಪರೀಕ್ಷಿಸಿ ಅವನ ಹತೋಟಿಯ ದೋಷ ಹುಡುಕುತ್ತಿದ್ದ. ಅದೇ ಕಾಲದಲ್ಲಿ ಅವನ ದೇಶದ ಸರಕಾರ ಇಲ್ಲಿ ಒಂದು ಮಗುವನ್ನೂ ಪರೀಕ್ಷಿಸದೆ ಇಡೀ ಜನಾಂಗಕ್ಕೆ ದೋಷ ಹೊರಿಸಿತು. 1952ರಲ್ಲಿ ಕಾಯಿದೆ ಸತ್ತಿತು. ‘ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ’ ಎಂಬ ಗಾದೆ ಸಾಯಲಿಲ್ಲ. ಶಾಲೆಗೆ ಬಂದ ಕೇರಿಯ ಹುಡುಗನ ಬೆನ್ನ ಮೇಲೆ ಇವತ್ತಿಗೂ ಬೀಳುವ ಮಾತು ಅದೇ.

ಹಳ್ಳಿಯ ತಾಯಂದಿರು ಏನು ಮಾಡುತ್ತಾರೆ? ಗಾಳಿ ಸೋಕೇತಿ ಅಂತ ಅಂತ್ರ ಕಟ್ಟಿಸುತ್ತಾರೆ. ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕಿ ಹೊರುತ್ತಾರೆ. ಕೊನೆಗೆ ಶಾಲೆಗೆ ಬಂದು, ‘ಗುರುಗಳ, ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದಲ್ಲೆ ಬಡೀರಿ, ಇವಗ ನಾಕಕ್ಷರ ಬರ್ಲಿ’ ಅಂತ ಕೈಮುಗಿಯುತ್ತಾರೆ. ಇದನ್ನು ಮೂಢನಂಬಿಕೆ ಅಂತ ನಕ್ಕುಬಿಡುವುದು ಸುಲಭ. ಕುಂದಗೋಳದ ಕಡೆಯ ಒಂದು ಹಳ್ಳಿಯಿಂದ ಧಾರವಾಡಕ್ಕೆ ಮಗುವನ್ನು ಕರಕೊಂಡು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ರೊಕ್ಕ ಹೋಯಿತು. ಮೇಲಾಗಿ ‘ಮಗನ್ನ ಹುಚ್ಚರ ದವಾಖಾನಿಗೆ ಒಯ್ದಿದ್ಲು’ ಎಂಬ ಮಾತು ಊರ ತುಂಬ. ಆ ದವಾಖಾನಿ ಈಗ ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆ. ಹೆಸರು ಬದಲಾದರೂ 1845ರ ಗೋಡೆ ಮಂದಿಯ ತಲೆಯೊಳಗೆ ಇನ್ನೂ ನಿಂತಿದೆ.

ಹೆಣ್ಣುಮಕ್ಕಳ ಕತೆ ಇನ್ನೂ ಆಳದ್ದು. ಅವರಲ್ಲಿ ಅನೇಕರು ಓಡುವುದಿಲ್ಲ, ಗದ್ದಲ ಮಾಡುವುದಿಲ್ಲ. ಕೂತಲ್ಲೇ ಮನಸ್ಸು ಎಲ್ಲೋ ಹೋಗಿರುತ್ತದೆ. ‘ಮಬ್ಬ ಅದಾಳ, ಮನಿಕೆಲಸಕ್ಕ ಸಾಕು’ ಅಂತ ಬಿಡಿಸಿಬಿಡುತ್ತಾರೆ. ಗದ್ದಲ ಮಾಡಿದವನಿಗೆ ಏಟಾದರೂ ಬೀಳುತ್ತದೆ. ಇವಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಎಚ್ಚರವೂ ಬೇಕು. ನಾಳೆ ಇದೇ ಎಡಿಎಚ್‌ಡಿ ಎಂಬ ಹೆಸರು ಹೊಸ ಜಾತಿಯಾಗಬಾರದು. ಬೆಳಿಗ್ಗೆ ಉಣ್ಣದೆ ಬಂದ ಹುಡುಗನ ಗಮನ ನಿಲ್ಲುವುದಿಲ್ಲ. ರಕ್ತ ಕಡಿಮೆಯಾದ ಹುಡುಗಿಯ ಗಮನ ನಿಲ್ಲುವುದಿಲ್ಲ. ಕಿವಿ ಮಂದವಾದರೆ, ಕಣ್ಣು ಮಂದವಾದರೆ, ರಾತ್ರಿ ನಿದ್ದೆ ಇಲ್ಲದಿದ್ದರೆ, ಮನೆಯಲ್ಲಿ ಕುಡುಕನ ಹೊಡೆತವಿದ್ದರೆ, ಸುಗ್ಗಿಗೆ ಗುಳೆ ಹೋಗಿ ಮೂರು ತಿಂಗಳ ಪಾಠ ತಪ್ಪಿದ್ದರೆ ಯಾವ ಮಗುವೂ ನೆಟ್ಟಗೆ ಕೂಡುವುದಿಲ್ಲ. ಹಸಿವಿಗೆ ರೋಗದ ಹೆಸರಿಟ್ಟು ಗುಳಿಗೆ ಕೊಡುವುದು ಶೋಷಣೆಯ ಇನ್ನೊಂದು ಮುಖ. ನಿಜವಾದ ತೊಂದರೆಯನ್ನು ಜಾತಿಗುಣ ಅಂತ ತಳ್ಳಿಬಿಡುವುದು ಮೊದಲಿನಿಂದ ನಡೆದು ಬಂದ ಶೋಷಣೆ. ಎರಡನ್ನೂ ತಡೆಯಲು ಒಂದೇ ದಾರಿ: ಮಗುವನ್ನು ನೋಡಬೇಕು. ಕುಲ ನೋಡದೆ ನೋಡಬೇಕು.

ಕಾಯಿದೆಯ ಮಾತಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ‘ದಡ್ಡ’, ‘ಜಾತಿಗೇಡಿ’ ಎಂಬ ಬೈಗುಳ ಹಿಂಸೆಯಲ್ಲದೆ ಮತ್ತೇನು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯನ್ನೂ ಬರೆದಿದೆ. ಅದರ ಪ್ರಕಾರ ಆರೋಗ್ಯ ತಂಡ ಸರಕಾರಿ ಶಾಲೆಗೆ ವರ್ಷಕ್ಕೊಮ್ಮೆಯಾದರೂ ಬರಬೇಕು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ವಿಧಗಳಲ್ಲಿ ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ, ಎಡಿಎಚ್‌ಡಿ ಇಲ್ಲ. ಒಂದು ಕಾಗದ ಹುಡುಕು ಅನ್ನುತ್ತದೆ, ಇನ್ನೊಂದು ಕಾಗದ ಗುರುತಿಸುವುದಿಲ್ಲ. ನಡುವೆ ಹುಡುಗ ನಿಂತಿದ್ದಾನೆ.

ಹಳ್ಳಿಯ ಶಿಕ್ಷಕ ಗೆಳೆಯರೆ, ಡಾಕ್ಟರು ಬರುವ ತನಕ ಕಾಯಬೇಕಾಗಿಲ್ಲ. ಅವನನ್ನು ಹಿಂದಿನ ಸಾಲಿನಿಂದ ಮುಂದಕ್ಕೆ ಕರೆಯಿರಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಹತ್ತು ಲೆಕ್ಕವನ್ನು ಎರಡೆರಡಾಗಿ ಕೊಡಿ. ನಡುವೆ ಎದ್ದು ಓಡಾಡುವ ಕೆಲಸ ಕೊಡಿ: ಖಡು ತರಲಿ, ಹಾಜರಿ ಪುಸ್ತಕ ಒಯ್ಯಲಿ. ಆದರೆ ಕಸ ಹೊಡೆಯಲು, ಸಂಡಾಸ ತೊಳೆಯಲು ಅವನನ್ನೇ ಕರೆಯಬೇಡಿ. ಆ ಚರಿತ್ರೆ ನಮಗೆ ಗೊತ್ತಿದೆ. ಮಾಡಿದ ಸಣ್ಣ ಕೆಲಸಕ್ಕೂ ಆಗಲೇ ಶಾಭಾಸ್ ಅನ್ನಿ. ಔಷಧಿ ಬೇಕೋ ಬೇಡವೋ ಎಂಬುದನ್ನು ಪರೀಕ್ಷೆ ಮಾಡಿದ ಡಾಕ್ಟರು ಹೇಳಲಿ.

ಯುವಕ ಗೆಳೆಯರೆ, ಆರೋಗ್ಯ ತಂಡ ನಿಮ್ಮೂರ ಶಾಲೆಗೆ ಬಂತೇ, ಕಣ್ಣು-ಹಲ್ಲು ನೋಡಿದ ಮೇಲೆ ಮಗುವಿನ ಮನಸ್ಸಿನ ವಿಷಯ ಕೇಳಿತೇ ಎಂದು ವಿಚಾರಿಸಿ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ ತಾಲೂಕಾ ದವಾಖಾನಿಗಳಿಗೇ ತಿಂಗಳಿಗೊಮ್ಮೆ ಮಕ್ಕಳ ಮನೋವೈದ್ಯರು ಬರಲಿ ಎಂದು ಕೇಳಿ. ತಾಯಿ ಕೂಲಿ ಬಿಟ್ಟು ಧಾರವಾಡಕ್ಕೆ ಹೋಗುವ ಬದಲು ದವಾಖಾನಿಯೇ ತಾಯಿಯ ಹತ್ತಿರ ಬರಬೇಕು.

ಇವತ್ತಿಗೂ ಶಾಲೆಗಳಲ್ಲಿ ಒಂದು ಮಾತು ಕೇಳುತ್ತದೆ: ‘ಇವನೊಬ್ಬನ ಸಲುವಾಗಿ ಇಡೀ ವರ್ಗ ಕೆಡತದ, ಮನಿಗೆ ಕಳಸ್ರಿ.’ ಈ ಮಾತನ್ನು ಧಾರವಾಡ ಮೊದಲ ಸಲ ಕೇಳುತ್ತಿಲ್ಲ. 1856ರಲ್ಲಿ ಅದನ್ನು ಹೇಳಿದವರು ಒಬ್ಬನನ್ನು ಹೊರಗಿಟ್ಟು ಶಾಲೆ ಉಳಿಸಿದೆವು ಅಂದುಕೊಂಡರು. ಆ ಒಬ್ಬನ ಹಿಂದೆ ಎಷ್ಟು ತಲೆಮಾರು ಹೊರಗೆ ಉಳಿದವು ಎಂಬುದನ್ನು ನಮ್ಮ ಕೇರಿಗಳು ಬಲ್ಲವು. ಮುಂದಿನ ಸಲ ಈ ಮಾತು ಬಂದಾಗ ಅದನ್ನು ನಿಲ್ಲಿಸಲು ಆ ಶಾಲೆಯಲ್ಲಿ ಒಬ್ಬರಾದರೂ ಎದ್ದು ನಿಲ್ಲಬೇಕು.