ಕುದುರೆಮುಖಕ್ಕೆ ಕ್ಯಾಮೆರಾ ಹೊತ್ತು...

ಹಿರೇಹಡಗಲಿಯ ಕಲ್ಲೇಶ್ವರ ಗುಡಿಯ ಕೆತ್ತನೆಗಳ ಫೋಟೋ ತೆಗೆದೂ ತೆಗೆದೂ ಆಯ್ತು. ಈ ಸಲ ಮಳೆ ನಿಂತ ಮೇಲೆ, ಹುಲ್ಲು ಒಣಗೋ ಮೊದಲು, ಕುದುರೆಮುಖ. ಗೆಳೆಯರಿಗೆ ಮಂಜು, ಸಿಂಗಳೀಕ ಬೇಕು. ನನಗೆ ಬೇಕಾದದ್ದು ಅಗೆದ ಗುಡ್ಡ.

ಗಣಿ ಕಂಪನಿ ಹುಟ್ಟಿದ್ದು 1976ರಲ್ಲಿ, ಇರಾನಿನ ಷಾನ ದುಡ್ಡು ನಂಬಿಕೊಂಡು. 1979ರಲ್ಲಿ ಆತನೇ ದೇಶಬಿಟ್ಟ! ಆದರೂ ಅದಿರನ್ನು ಅರೆದು, ನೀರಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರೂ ಅಗೆತ ನಿಲ್ಲಲಿಲ್ಲ. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶವಾಗಿ, 2005ರ ಕೊನೆಗೆ ನಿಂತಿತು.

ಬಯಲುಸೀಮೆಯವನಿಗ್ಯಾಕೆ ಈ ಉಸಾಬರಿ ಅಂತೀರಾ? ಅಲ್ಲಿನ ಹೂಳು ಭದ್ರೆಗೆ ಇಳಿಯುತ್ತಿತ್ತು. ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ನಮ್ಮ ತಾಲ್ಲೂಕಿಗೇ ಬರೋದು. ಎರಡೂ ಹುಟ್ಟೋ ಗಂಗಾಮೂಲವೂ ಅದೇ ಕಾಡಲ್ಲಿದೆ. ಮೊದಲ ದಿನ ಅಲ್ಲಿಗೆ, ಆಮೇಲೆ ಗುಡ್ಡಕ್ಕೆ. ಅರಣ್ಯ ಇಲಾಖೆಯ ಅನುಮತಿಯೊಂದು ಸಿಗಬೇಕು.