ಪಾಯಿಂಟ್ ಲೋಬೋಸ್: ಸೈಟುಗಳಾಗದೆ ಉಳಿದ ಕಡಲತೀರ

ಲಾಂಗ್ ವೀಕೆಂಡ್ ಬಂತೆಂದರೆ ಬೇ ಏರಿಯಾದ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದೆರಡಾದರೂ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಮಾಂಟೆರೆ ಕಡೆಗೆ ಹೊರಡುವುದುಂಟು. ಅಕ್ವೇರಿಯಂ ಆಯಿತು, ಸೆವೆಂಟೀನ್ ಮೈಲ್ ಡ್ರೈವ್ ಆಯಿತು, ಒಂಟಿ ಸೈಪ್ರೆಸ್ ಮರದ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದದ್ದೂ ಆಯಿತು. ಕಾರ್ಮೆಲ್ ಊರಿನಿಂದ ದಕ್ಷಿಣಕ್ಕೆ ಹೈವೇ 1ರಲ್ಲಿ ಮೂರೇ ಮೈಲಿ ಮುಂದೆ ಹೋದರೆ ಪಾಯಿಂಟ್ ಲೋಬೋಸ್ ಸಿಗುತ್ತದೆ. ಕ್ಯಾಮೆರಾ ಹುಚ್ಚಿನವರು ನಮ್ಮಲ್ಲಿ ಸಾಕಷ್ಟು ಮಂದಿ ಇರುವುದರಿಂದ ಈ ಜಾಗದ ಪೂರ್ವೋತ್ತರವನ್ನು ಸ್ವಲ್ಪ ತಿಳಿಸೋಣವೆನಿಸಿತು.

ಲೋಬೋ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ತೋಳ. ಬಂಡೆಗಳ ಮೇಲೆ ಬಿದ್ದುಕೊಂಡು ಬೊಗಳುವ ಪ್ರಾಣಿಗಳನ್ನು ಸ್ಪೇನಿನವರು ಕಡಲ ತೋಳ ಎಂದರು. ಇಂಗ್ಲಿಷಿನವರಿಗೆ ಅದೇ ಕಡಲ ಸಿಂಹವಾಯಿತು. (ಕೂಗು ಕೇಳಿದರೆ ನಮಗೆ ನೆನಪಾಗುವುದು ಊರಿನ ಬೀದಿನಾಯಿ.) 1850ರ ದಶಕದಲ್ಲಿ ಚೀನಾದಿಂದ ಬಂದ ಬೆಸ್ತರು ಇಲ್ಲಿಯ ಪುಟ್ಟ ಕೊಲ್ಲಿಯಲ್ಲಿ ನೆಲೆನಿಂತರು. ಅವರು ಕಟ್ಟಿದ ಮರದ ಗುಡಿಸಲು ಇಂದಿಗೂ ನಿಂತಿದೆ, ಒಳಗೆ ಚಿಕ್ಕ ಮ್ಯೂಸಿಯಂ ಇದೆ. ಅವರ ನಂತರ ಪೋರ್ಚುಗೀಸ್ ತಿಮಿಂಗಿಲ ಬೇಟೆಗಾರರು ಬಂದು ದೊಡ್ಡ ಕೊಪ್ಪರಿಗೆಗಳಲ್ಲಿ ಕೊಬ್ಬು ಕಾಯಿಸಿ ಎಣ್ಣೆ ತೆಗೆದರು. ಮುಂದೆ ಹತ್ತಿರದ ಕಣಿವೆಯ ಕಲ್ಲಿದ್ದಲು ಇಲ್ಲಿಂದಲೇ ಹಡಗೇರಿತು.

ಆ ಕಲ್ಲಿದ್ದಲು ಕಂಪನಿಯೇ 1890ರ ಸುಮಾರಿಗೆ ಈ ನೆಲಕ್ಕೆ ಗೆರೆ ಎಳೆದು ಲೇಔಟ್ ಮಾಡಿತು. ಸಾವಿರದಷ್ಟು ಸೈಟು, ಊರಿಗೆ ಕಾರ್ಮೆಲಿಟೋ ಎಂಬ ಹೆಸರು, ಮಾರಾಟವೂ ಶುರು! ಅಷ್ಟು ಹೊತ್ತಿಗೆ ಮಾಂಟೆರೆಯಲ್ಲಿ 1880ರಲ್ಲಿ ತೆರೆದ ಹೋಟೆಲ್ ಡೆಲ್ ಮಾಂಟೆಯಿಂದಾಗಿ ಈ ತೀರ ಶ್ರೀಮಂತರ ವಿಹಾರಸ್ಥಳವಾಗಿತ್ತು. ಸಮುದ್ರ ಕಾಣುವ ಸೈಟಿಗೆ ಗಿರಾಕಿ ಸಿಗುವುದು ಎಷ್ಟರ ಕಷ್ಟ? 1898ರಲ್ಲಿ ಅಲೆಕ್ಸಾಂಡರ್ ಆಲನ್ ಎಂಬಾತ ಇಲ್ಲಿ 640 ಎಕರೆ ಕೊಂಡುಕೊಂಡರು. ಅವರ ಜೊತೆಗಾರ ಜಪಾನಿನಿಂದ 1897ರಲ್ಲಿ ಬಂದಿದ್ದ ಗೆನ್ನೊಸುಕೆ ಕೊಡಾನಿ. ಇಬ್ಬರೂ ಸೇರಿ ಅಬಲೋನಿ ಎಂಬ ಚಿಪ್ಪುಜೀವಿಯ ವ್ಯಾಪಾರ ಮಾಡಿದರು. ತಣ್ಣನೆಯ ನೀರಿಗೆ ಇಳಿದವರು ಜಪಾನಿ ಮುಳುಗುಗಾರರು, ದಡದ ಕಾರ್ಖಾನೆಯಲ್ಲಿ ಅದು ಡಬ್ಬಿಗೆ ಸೇರುತ್ತಿತ್ತು. ಆಲನ್ ಕುಟುಂಬ ವರ್ಷಗಟ್ಟಲೆ ಕೂತು, ಮಾರಿಹೋಗಿದ್ದ ಸೈಟುಗಳನ್ನು ಒಂದೊಂದಾಗಿ ವಾಪಸ್ಸು ಕೊಂಡಿತು. ಬೆಂಗಳೂರಿನಲ್ಲಿ ಸೈಟು ಕಂಡವರಿಗೆ ಇದು ಎಂಥ ತಿರುಗುಮುರುಗು ಕೆಲಸವೆಂದು ವಿವರಿಸಬೇಕಿಲ್ಲ. 1933ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಈ ಭೂಮಿಯನ್ನು ಪಡೆದು ರಕ್ಷಿತ ಪ್ರದೇಶ ಮಾಡಿತು. ಮಾಂಟೆರೆ ಸೈಪ್ರೆಸ್ ಮರ ತಾನಾಗಿ ಬೆಳೆಯುವ ತೋಪುಗಳು ಜಗತ್ತಿನಲ್ಲಿ ಎರಡೇ. ಅದರಲ್ಲೊಂದು ಇಲ್ಲಿದೆ, ಆಲನ್ ದಂಪತಿಗಳ ಹೆಸರಿನಲ್ಲಿ. ಕೊಡಾನಿ ಕಡೆಯವರ ಕಾಲ ಅಷ್ಟು ಸಲೀಸಾಗಿರಲಿಲ್ಲ: 1942ರಲ್ಲಿ ಅಮೆರಿಕ ಸರ್ಕಾರ ಈ ಇಡೀ ತೀರದಿಂದ ಜಪಾನಿ ಮೂಲದವರನ್ನು ಎಬ್ಬಿಸಿ ಶಿಬಿರಗಳಿಗೆ ಒಯ್ಯಿತು. ಹೊರದೇಶದಲ್ಲಿ ಮನೆ ಕಟ್ಟಿಕೊಂಡ ನಾವು ಈ ಸಾಲನ್ನು ಬೇಗ ದಾಟಿಹೋಗುವುದು ಕಷ್ಟ.

ಇನ್ನು ಫೋಟೋಗ್ರಫಿಯ ವಿಷಯ. ಎಡ್ವರ್ಡ್ ವೆಸ್ಟನ್ 1929ರ ಜನವರಿಯಲ್ಲಿ ಕಾರ್ಮೆಲ್‌ಗೆ ಬಂದು ಸ್ಟುಡಿಯೋ ಇಟ್ಟರು. ಹೊಟ್ಟೆಪಾಡಿಗೆ ಗಿರಾಕಿಗಳ ಭಾವಚಿತ್ರ. ಬಿಡುವಾದಾಗ ಎಂಟು-ಹತ್ತು ಇಂಚಿನ ನೆಗೆಟಿವ್ ಹಿಡಿಯುವ ಭಾರದ ಕ್ಯಾಮೆರಾ, ಮುಕ್ಕಾಲಿ ಹೊತ್ತುಕೊಂಡು ಪಾಯಿಂಟ್ ಲೋಬೋಸ್‌ಗೆ ಪ್ರಯಾಣ. ನಮಗೆ ಸೋಜಿಗವೆನಿಸುವುದು ಅವರು ನೋಡಿದ ದಿಕ್ಕು. ಎದುರಿಗೆ ಪೆಸಿಫಿಕ್ ಅಬ್ಬರಿಸುತ್ತಿದ್ದರೂ ಆರಂಭದ ವರ್ಷಗಳಲ್ಲಿ ಅವರ ಕ್ಯಾಮೆರಾ ಹೆಚ್ಚಾಗಿ ಬಗ್ಗಿದ್ದು ಕಾಲಬುಡಕ್ಕೆ: ಸೈಪ್ರೆಸ್ ಬೇರು, ಸವೆದ ಬಂಡೆ, ದಡಕ್ಕೆ ಬಿದ್ದ ಕಡಲ ಪಾಚಿ. ನೆಗೆಟಿವನ್ನು ಹಿಗ್ಗಿಸದೆ ಕಾಗದದ ಮೇಲೆ ನೇರ ಇಟ್ಟು ಪ್ರಿಂಟ್ ತೆಗೆಯುತ್ತಿದ್ದರು. ಆದ್ದರಿಂದ ಚೌಕಟ್ಟನ್ನು ಬಂಡೆಯ ಮೇಲೆ ನಿಂತಾಗಲೇ ತೀರ್ಮಾನಿಸಬೇಕು, ಮನೆಗೆ ಬಂದು ಕತ್ತರಿಸುವ ಮಾತಿಲ್ಲ.

ಅದುವರೆಗೆ ಮಸುಕು ಮಸುಕಾದ, ಪೇಂಟಿಂಗ್ ಹೋಲುವ ಫೋಟೋಗಳೇ ಕಲೆ ಎನಿಸಿದ್ದವು. ಇದಕ್ಕೆ ಎದುರಾಗಿ ವೆಸ್ಟನ್, ಆನ್ಸೆಲ್ ಆಡಮ್ಸ್, ಇಮೊಜೆನ್ ಕನ್ನಿಂಗ್‌ಹ್ಯಾಮ್ ಮುಂತಾದವರು 1932ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಿ ಯಂಗ್ ಮ್ಯೂಸಿಯಂನಲ್ಲಿ ಪ್ರದರ್ಶನ ನಡೆಸಿದರು. ಗುಂಪಿನ ಹೆಸರು ಎಫ್ 64. ಅದು ಲೆನ್ಸಿನ ತೀರ ಸಣ್ಣ ಕಿಂಡಿಯ ಅಳತೆ. ಕಾಲಬಳಿಯ ಕಲ್ಲೂ ದೂರದ ಗುಡ್ಡವೂ ಒಂದೇ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಬೇಕೆಂಬ ಹಟ. 1937ರಲ್ಲಿ ಗುಗ್ಗೆನ್‌ಹೈಮ್ ಫೆಲೋಶಿಪ್ ಪಡೆದ ಮೊದಲ ಫೋಟೋಗ್ರಾಫರ್ ವೆಸ್ಟನ್ನರೇ.

1940ರ ದಶಕದ ನಡುವೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು. ಕೊಡಾಕ್ ಕಂಪನಿಯ ಕೋರಿಕೆಯಂತೆ ಅದೇ ಬಂಡೆಗಳನ್ನು ಕಲರಿನಲ್ಲೂ ತೆಗೆದರು. ಕಡೆಯ ಚಿತ್ರ 1948ರಲ್ಲಿ, ಪಾಯಿಂಟ್ ಲೋಬೋಸ್‌ನ ಕಲ್ಲುಗಳದ್ದು. ಆಮೇಲೆ ಕ್ಯಾಮೆರಾ ನಡೆಸಲು ಕೈ ಬರಲಿಲ್ಲ. ಇನ್ನೂ ಹತ್ತು ವರ್ಷ ಬದುಕಿದರು. ಮಕ್ಕಳಾದ ಬ್ರೆಟ್ ಮತ್ತು ಕೋಲ್ ತಂದೆಯ ನೆಗೆಟಿವ್‌ಗಳಿಂದ ಪ್ರಿಂಟ್ ಮಾಡಿಕೊಟ್ಟರು. 1958ರ ಜನವರಿ 1ರಂದು ವೆಸ್ಟನ್ ತೀರಿಕೊಂಡರು. ಚಿತಾಭಸ್ಮವನ್ನು ಇಲ್ಲಿಯದೇ ಬೆಣಚುಕಲ್ಲಿನ ದಡದಲ್ಲಿ ಕಡಲಿಗೆ ಬಿಟ್ಟರು. ಆ ದಡ ಈಗ ವೆಸ್ಟನ್ ಬೀಚ್. ಆಡಮ್ಸ್ ಕೂಡ 1962ರಲ್ಲಿ ಹತ್ತಿರದ ಕಾರ್ಮೆಲ್ ಹೈಲ್ಯಾಂಡ್ಸ್‌ಗೆ ಬಂದು 1984ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು.

ಹೋಗುವವರು ಬೆಳಿಗ್ಗೆಯೇ ಹೋಗಿ, ಕಾರು ನಿಲ್ಲಿಸುವ ಜಾಗ ಬೇಗ ತುಂಬುತ್ತದೆ. ಮಂಜು ಕವಿದಿದ್ದರೆ ಬೇಸರ ಬೇಡ, ಆ ಮೆತ್ತನೆಯ ಬೆಳಕು ಬಂಡೆಗಳಿಗೆ ಒಳ್ಳೆಯದು. ಇಳಿತದ ಹೊತ್ತಿಗೆ ವೆಸ್ಟನ್ ಬೀಚಿಗೆ ಇಳಿದರೆ ಬಣ್ಣದ ಪದರುಗಲ್ಲುಗಳು ಕಾಣುತ್ತವೆ. ಅಲ್ಲಿಂದ ಒಂದು ಕಲ್ಲನ್ನೂ ಚಿಪ್ಪನ್ನೂ ಎತ್ತಿಕೊಂಡು ಬರುವಂತಿಲ್ಲ. ಕಾರು ಹತ್ತಿಸುವ ಮುನ್ನ ಮಕ್ಕಳ ಜೇಬು ಒಮ್ಮೆ ನೋಡಿ.