ರೂಪಕಕ್ಕೊಂದು ಗುರುತು

ಭಾಷೆ ಹುಟ್ಟಿದುದನ್ನು ಕಂಡವರಿಲ್ಲ. ಆದರೆ ಭಾಷೆಯೊಂದನ್ನು ಬುದ್ಧಿಪೂರ್ವಕವಾಗಿ ಕಟ್ಟಿದವರುಂಟು. ಇಂಗ್ಲೆಂಡಿನ ಜಾನ್ ವಿಲ್ಕಿನ್ಸನು (1614–1672) ಅಂಥವರಲ್ಲೊಬ್ಬನು. ಲಂಡನ್ನಿನ ರಾಯಲ್ ಸೊಸೈಟಿಯ ಸ್ಥಾಪಕರಲ್ಲಿ ಸೇರಿದ ಈ ಧರ್ಮಗುರುವು ತನ್ನ ತಾತ್ತ್ವಿಕ ಭಾಷೆಯ ಮಹಾಗ್ರಂಥವನ್ನು 1668ರಲ್ಲಿ ಪ್ರಕಟಿಸಿದನು. ಅಚ್ಚಿನಲ್ಲಿದ್ದ ಪ್ರತಿಗಳಲ್ಲಿ ಬಹುಭಾಗವು 1666ರ ಲಂಡನ್ ಅಗ್ನಿಪ್ರಳಯಕ್ಕೆ ಆಹುತಿಯಾಗಿದ್ದಿತು. ಬೆಂಕಿಯ ಮಾತು ಮುಂದೆಯೂ ಬರುವುದು.

ಒಂದು ಪದಕ್ಕೆ ಒಂದೇ ಅರ್ಥವಿರಬೇಕೆಂಬುದು ಅವನ ಸಂಕಲ್ಪ. ಜಗತ್ತಿನ ಸಮಸ್ತ ವಿಷಯಗಳನ್ನೂ ಅವನು 40 ವರ್ಗಗಳಾಗಿ ವಿಂಗಡಿಸಿದನು. 'ದೆ' ಎಂದರೆ ಮೂಲಭೂತ. 'ದೆಬ್' ಎಂದರೆ ಅದರ ಮೊದಲನೆಯ ಭೇದವಾದ ಅಗ್ನಿ. 'ದೆಬ' ಎಂದರೆ ಅಗ್ನಿಯ ಮೊದಲನೆಯ ಪ್ರಭೇದವಾದ ಜ್ವಾಲೆ. ಪದವನ್ನು ಉಚ್ಚರಿಸಿದೊಡನೆಯೇ ವಸ್ತುವಿನ ನಿರ್ವಚನವೂ ಆಗಿಹೋಗುವುದು. ಬಾಲಕರ ನಿಬಂಧಗಳಲ್ಲಿ ಅನಾವಶ್ಯಕವಾದ ಅಲಂಕಾರಗಳನ್ನು ಕೆಂಪು ಶಾಯಿಯಿಂದ ಹೊಡೆದು ಹಾಕುತ್ತ ಮುದುಕನಾದ ನನಗೆ ಈ ಪುಣ್ಯಾತ್ಮನ ಮೇಲೆ ಒಂದು ಬಗೆಯ ಮಮತೆಯೇ ಉಂಟು.

ಆದರೆ ವಿರಹಜ್ವಾಲೆಯ ಗತಿಯೇನು? ವಿರಹವು ಮೂಲಭೂತವಲ್ಲವಷ್ಟೆ! ವಿಲ್ಕಿನ್ಸನಿಗೂ ಈ ಸಂಕಟವು ತಪ್ಪಲಿಲ್ಲ. ಆದುದರಿಂದ ಅವನು ರೂಪಕಕ್ಕೆಂದೇ ಒಂದು ಗುರುತನ್ನು ಕಲ್ಪಿಸಿದನು. 'ಬೇರು' ಎಂಬುದಕ್ಕೆ ಆ ಗುರುತನ್ನು ಸೇರಿಸಿದರೆ 'ಮೂಲ' ಎಂಬ ಅರ್ಥ; 'ಬೆಳಕು' ಎಂಬುದಕ್ಕೆ ಸೇರಿಸಿದರೆ 'ಸ್ಪಷ್ಟ' ಎಂಬ ಅರ್ಥ. ಸಂಸ್ಕೃತದ 'ಮೂಲ'ವು ಯಾವ ಗುರುತೂ ಇಲ್ಲದೆ ಈ ಎರಡು ಅರ್ಥಗಳನ್ನೂ ಹೊತ್ತುಕೊಂಡಿರುವುದನ್ನು ವಾಚಕರು ಗಮನಿಸಬೇಕು.

ನಮ್ಮ ಆಲಂಕಾರಿಕರು ಈ ಭಾರವನ್ನು ಕೇಳುವವನ ವಿವೇಕಕ್ಕೆ ಬಿಟ್ಟರು. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆಯೆಂದರೆ, ಪ್ರವಾಹದಲ್ಲಿ ಹಟ್ಟಿ ನಿಲ್ಲದಾದುದರಿಂದ ಮುಖ್ಯಾರ್ಥಕ್ಕೆ ಬಾಧೆ ಬರುವುದು; ಆಗ ಕೇಳುವವನು ತಾನಾಗಿಯೇ ದಡವನ್ನು ಗ್ರಹಿಸುವನು. ಅಲ್ಲಿಯ ತಂಪೂ ಪಾವನತ್ವವೂ ಅವನಿಗೆ ಹೊಳೆಯುವುವು. ಗುರುತು ಹಾಕಿ ತೋರಿಸಿದ್ದರೆ ಆ ತಂಪು ಉಳಿಯುತ್ತಿತ್ತೆ?

ವಿಲ್ಕಿನ್ಸನ ಲಿಪಿಯನ್ನು ಬಳಸಿದವರು ವಿರಳ. ಅವನ ಮಿತ್ರ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು 1676ರಲ್ಲಿ ಗಡಿಯಾರದ ಯಂತ್ರವಿವರಣೆಯೊಂದನ್ನು ಅದರಲ್ಲಿ ಅಚ್ಚು ಹಾಕಿಸಿದನು. ಭಾಷೆಗೆ ದೊಡ್ಡ ಪೆಟ್ಟು ಬಂದುದು ಆಮೇಲೆ, ರಸಾಯನಶಾಸ್ತ್ರದಿಂದ. 18ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲವಾಸಿಯೆ ಎಂಬವನು, ಉರಿಯುವುದೆಂದರೆ ವಸ್ತುವು ಆಮ್ಲಜನಕದೊಡನೆ ಸಂಯೋಗ ಹೊಂದುವುದೆಂದು ನಿರೂಪಿಸಿದನು. ಅಗ್ನಿಯು ಮೂಲಭೂತಗಳ ಪಂಕ್ತಿಯಿಂದ ಎದ್ದುಹೋಯಿತು. ಅಂದಿನಿಂದ 'ದೆಬ' ಎಂಬುದರ ಅವಯವಾರ್ಥವೇ ಸುಳ್ಳಾಯಿತು. ದರ್ಭೆಯನ್ನು ಕೀಳದವನನ್ನೂ ನಾವು 'ಕುಶಲ'ನೆನ್ನುವೆವಲ್ಲವೆ? ಮಮ್ಮಟನು ಅದನ್ನು ರೂಢಿಲಕ್ಷಣೆಗೆ ಉದಾಹರಿಸುತ್ತಾನೆ. 'ದೆಬ'ವೂ ಈಗ ಅದೇ ಪಂಕ್ತಿಯಲ್ಲಿ ಕುಳಿತಿದೆ, ವಿಲ್ಕಿನ್ಸನ ಗುರುತಿಲ್ಲದೆಯೇ.